ಗರ್ಭಿಣಿಯರಿಗೂ ಬಾಣಂತಿಯರಿಗೂ ಸಲ್ಲಬೇಕಾದ ಸೌಲಭ್ಯಗಳನ್ನು ಪಡೆಯುವ ಬಗೆ

ಕರ್ನಾಟಕದಲ್ಲಿ ಗರ್ಭಿಣಿಗೂ ಬಾಣಂತಿಗೂ ಸಲ್ಲುವ ನೆರವು ಒಂದೇ ಕಚೇರಿಯಿಂದ ಬರುವುದಿಲ್ಲ. ಪೋಷಣೆಯ ಹಣ ಮತ್ತು ಊಟ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ, ತಪಾಸಣೆ ಮತ್ತು ಹೆರಿಗೆಯ ವ್ಯವಸ್ಥೆ ಆರೋಗ್ಯ ಇಲಾಖೆಯಿಂದ, ಸಂಬಳಸಹಿತ ರಜೆ ಕಾರ್ಮಿಕ ಕಾನೂನಿನಿಂದ ದೊರೆಯುತ್ತವೆ. ಸರ್ಕಾರದ ಯೋಜನೆಗಳ ಮಟ್ಟಿಗೆ ಎಲ್ಲಕ್ಕೂ ಬುಡವಾಗಿರುವ ದಾಖಲೆ ತಾಯಿ ಕಾರ್ಡ್, ಅಂದರೆ ತಾಯಿಯ ತಪಾಸಣೆಗಳನ್ನೂ ಮಗುವಿನ ಲಸಿಕೆಗಳನ್ನೂ ಬರೆದಿಡುವ ಕಾರ್ಡ್. ಬಸಿರು ಖಚಿತವಾದ ಕೂಡಲೇ, ಸಾಧ್ಯವಾದರೆ 12 ವಾರ ತುಂಬುವ ಮೊದಲೇ, ಆಶಾ ಕಾರ್ಯಕರ್ತೆಯ ಮೂಲಕ ಉಪಕೇಂದ್ರದಲ್ಲಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಹೆಸರು ನೋಂದಾಯಿಸಿ ಈ ಕಾರ್ಡನ್ನು ಪಡೆಯಬೇಕು. ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳುವವರೂ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಮೂರು ತಿಂಗಳಾಗುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಆ ಭಾವನೆಗೆ ಬೆಲೆಯಿದ್ದರೂ ನೋಂದಣಿಯನ್ನು ಅದಕ್ಕಾಗಿ ಮುಂದೂಡಬಾರದು, ಏಕೆಂದರೆ ಮೊದಲ ತಪಾಸಣೆಯ ದಿನಾಂಕವೇ ಮುಂದೆ ಹಣದ ಕಂತನ್ನು ನಿರ್ಧರಿಸುತ್ತದೆ.

ಆ ಹಣ ಬರುವುದು ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಿಂದ. 2017ರಲ್ಲಿ ಆರಂಭವಾದ ಈ ಯೋಜನೆ 2022ರ ಏಪ್ರಿಲ್‌ನಿಂದ ಹೊಸ ನಿಯಮಗಳಂತೆ ನಡೆಯುತ್ತಿದೆ. ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ ಎರಡು ಕಂತುಗಳಲ್ಲಿ ಬರುತ್ತದೆ: ಬಸಿರನ್ನು ನೋಂದಾಯಿಸಿ, ಕೊನೆಯ ಮುಟ್ಟಿನಿಂದ ಆರು ತಿಂಗಳೊಳಗೆ ಒಂದು ಬಾರಿಯಾದರೂ ತಪಾಸಣೆ ಮಾಡಿಸಿಕೊಂಡವರಿಗೆ 3,000 ರೂಪಾಯಿ, ಮಗುವಿನ ಜನನ ನೋಂದಣಿಯಾಗಿ, ಹದಿನಾಲ್ಕನೆಯ ವಾರದವರೆಗಿನ ಮೊದಲ ಸುತ್ತಿನ ಲಸಿಕೆಗಳು ಮುಗಿದ ಮೇಲೆ 2,000 ರೂಪಾಯಿ. ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ಒಂದೇ ಕಂತಿನಲ್ಲಿ ಸಿಗುತ್ತದೆ. ಗರ್ಭಪಾತವಾದರೆ ಅಥವಾ ಮಗು ಸತ್ತು ಹುಟ್ಟಿದರೆ ಮುಂದಿನ ಬಸಿರಿನಲ್ಲಿ ಆ ತಾಯಿಯನ್ನು ಹೊಸ ಫಲಾನುಭವಿಯೆಂದೇ ಪರಿಗಣಿಸಲಾಗುತ್ತದೆ; ದುಃಖದ ನಡುವೆ ಈ ಮಾತನ್ನು ಯಾರೂ ತಿಳಿಸಿರುವುದಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಬಿಪಿಎಲ್ ಪಡಿತರ ಚೀಟಿ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇವುಗಳಲ್ಲಿ ಒಂದಿದ್ದರೆ, ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾದರೆ, ಇಲ್ಲವೇ ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷಕ್ಕಿಂತ ಕಡಿಮೆಯಿದ್ದರೆ ಅರ್ಹತೆಯಿದೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೂ ಅರ್ಹರು. ಸರ್ಕಾರದ ಕಾಯಂ ನೌಕರರಿಗೂ ಬೇರೆ ಕಾನೂನಿನಡಿ ಇಂಥದೇ ಸೌಲಭ್ಯ ಪಡೆಯುವವರಿಗೂ ಇದು ಸಲ್ಲುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ತಾಯಿಗೂ ಕನಿಷ್ಠ 6,000 ರೂಪಾಯಿ ಎಂದು ಹೇಳಿರುವಾಗ ಮೊದಲ ಮಗುವಿಗೆ ಐದು ಸಾವಿರಕ್ಕೆ ನಿಲ್ಲಿಸಿರುವುದು ನ್ಯಾಯವಲ್ಲವೆಂದು ನಾನು ತಿಳಿದಿದ್ದೇನೆ. ಆದರೆ ಬರುವುದನ್ನಾದರೂ ಬಿಡಬಾರದು.

ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆಯ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಸಲ್ಲಿಸಬಹುದು, ಯೋಜನೆಯ ಜಾಲತಾಣದಲ್ಲಿ ಸ್ವತಃ ತುಂಬಲೂಬಹುದು. ಇಲ್ಲಿ ಹೆಚ್ಚಿನವರು ಎಡವುವುದು ಅರ್ಹತೆಯಲ್ಲಿ ಅಲ್ಲ, ಬ್ಯಾಂಕ್ ಖಾತೆಯಲ್ಲಿ. ಹಣ ತಾಯಿಯ ಹೆಸರಿನಲ್ಲಿರುವ, ಆಧಾರ್ ಜೋಡಣೆಯಾಗಿರುವ ಖಾತೆಗೆ ಮಾತ್ರ ಹೋಗುತ್ತದೆ. ಗಂಡನ ಅಥವಾ ಅತ್ತೆಯ ಖಾತೆಗೆ ಹೋಗುವುದಿಲ್ಲ. ಎರಡು ಮೂರು ಬ್ಯಾಂಕುಗಳಲ್ಲಿ ಖಾತೆಯಿದ್ದರೆ ಯಾವುದಕ್ಕೆ ಕೊನೆಯಲ್ಲಿ ಆಧಾರ್ ಜೋಡಿಸಲಾಗಿದೆಯೋ ಅದಕ್ಕೇ ಹಣ ಜಮೆಯಾಗುತ್ತದೆ, ಆದ್ದರಿಂದ ಅರ್ಜಿಯಲ್ಲಿ ಬರೆದ ಖಾತೆಯ ಪಾಸ್‌ಬುಕ್ ನೋಡಿ ಹಣ ಬಂದಿಲ್ಲವೆಂದು ತೀರ್ಮಾನಿಸುವ ಮೊದಲು ಹಳೆಯ ಖಾತೆಗಳನ್ನೂ ಪರಿಶೀಲಿಸಬೇಕು. ಮದುವೆಗೆ ಮುಂಚಿನ ಆಧಾರ್‌ನಲ್ಲಿ ತಂದೆಯ ಹೆಸರು, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇರುವುದು ನಮ್ಮಲ್ಲಿ ಸಾಮಾನ್ಯ. ಹೆಸರನ್ನು ಎಲ್ಲ ಕಡೆಯೂ ಆಧಾರ್‌ನಲ್ಲಿರುವಂತೆಯೇ ಬರೆಸಿಬಿಟ್ಟರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ. ಗಂಡನ ಆಧಾರ್ ಕೊಡುವುದು ಈಗಿನ ನಿಯಮದಲ್ಲಿ ಕಡ್ಡಾಯವಲ್ಲ. ಗಂಡ ಬಿಟ್ಟುಹೋದವರನ್ನು, ಒಂಟಿ ತಾಯಂದಿರನ್ನು ಈ ಕಾರಣ ಹೇಳಿ ಹಿಂದೆ ಕಳಿಸುವಂತಿಲ್ಲ. ಹೆರಿಗೆಯಾಗಿ 270 ದಿನ ಕಳೆದರೆ ಅರ್ಜಿಯ ಬಾಗಿಲು ಮುಚ್ಚುತ್ತದೆ.

ಊಟದ ವಿಷಯಕ್ಕೆ ಬಂದರೆ, 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಮಾತೃಪೂರ್ಣ ಯೋಜನೆಯಿದೆ. ಗರ್ಭಿಣಿ ಮತ್ತು ಬಾಣಂತಿಗೆ ತಿಂಗಳಲ್ಲಿ 25 ದಿನ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಯ ಬಿಸಿಯೂಟ ಕೊಡುವುದು ಅದರ ಉದ್ದೇಶ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಊಟವನ್ನು ಅಂಗನವಾಡಿಯಲ್ಲೇ ಕುಳಿತು ಉಣ್ಣಬೇಕೆಂಬ ನಿಯಮ ಹಲವರಿಗೆ ಮುಜುಗರವೆನಿಸಿದರೂ ಅದಕ್ಕೊಂದು ಅರ್ಥವಿದೆ: ಮನೆಗೆ ತಂದ ತಟ್ಟೆ ಎಲ್ಲರ ಪಾಲಾಗಿ, ಬಸುರಿಗೆ ಉಳಿಯುವುದು ಕಡಿಮೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಹಣ ಕೊಡಬೇಕಾಗಿಲ್ಲ. 2011ರ ಜೂನ್‌ನಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸಹಜ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಆಸ್ಪತ್ರೆಯಲ್ಲಿರುವಾಗಿನ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಮಗುವಿಗೆ ಒಂದು ವರ್ಷದವರೆಗೆ ಕಾಯಿಲೆಯ ಚಿಕಿತ್ಸೆಯೂ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡಿನ ಷರತ್ತಿಲ್ಲ. ಹೋಗುವಾಗ 108, ಮರಳುವಾಗ ನಗು-ಮಗು ವಾಹನವನ್ನು ಕೇಳಬೇಕು. ಹೊರಗಿನ ಅಂಗಡಿಯಿಂದ ಔಷಧ ತರಲು ಚೀಟಿ ಕೊಟ್ಟರೆ, ಹೆರಿಗೆ ವಾರ್ಡಿನಲ್ಲಿ ಗಂಡಿಗಿಷ್ಟು ಹೆಣ್ಣಿಗಿಷ್ಟು ಎಂದು ಕೈಚಾಚಿದರೆ, ಅದು ಶುಲ್ಕವಲ್ಲ, ಲಂಚ. ಜನನಿ ಸುರಕ್ಷಾ ಯೋಜನೆಯಡಿ ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬದವರಿಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600 ರೂಪಾಯಿ ಪ್ರತ್ಯೇಕವಾಗಿ ಸಲ್ಲುತ್ತದೆ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಸಾಧ್ಯವಿದ್ದರೆ ಆಸ್ಪತ್ರೆಯಿಂದ ಹೊರಡುವ ಮೊದಲೇ ಪ್ರಮಾಣಪತ್ರ ಕೇಳಿ ಪಡೆಯಿರಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ, ಮತ್ತು ಸೌಲಭ್ಯಗಳು ಕೈತಪ್ಪುವುದು ಬಹುಪಾಲು ಈ ಪಯಣದ ನಡುವೆಯೇ. ನೋಂದಣಿ ಗಂಡನ ಊರಿನಲ್ಲಿ, ಏಳನೆಯ ತಿಂಗಳಿಂದ ತಪಾಸಣೆ ತವರಿನಲ್ಲಿ, ಲಸಿಕೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಹೊರಡುವ ಮುನ್ನ ಎರಡೂ ಊರಿನ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ತಿಳಿಸಿ, ಊಟದ ಹೆಸರನ್ನು ತವರಿನ ಅಂಗನವಾಡಿಗೆ ಬರೆಸಿಕೊಳ್ಳಬೇಕು. ಪ್ರತಿ ತಪಾಸಣೆಯನ್ನೂ ಪ್ರತಿ ಲಸಿಕೆಯನ್ನೂ ಅದೇ ತಾಯಿ ಕಾರ್ಡಿನಲ್ಲಿ ದಾಖಲಿಸಿಕೊಳ್ಳಬೇಕು. ಹೊಸ ಊರಿನಲ್ಲಿ ಹೊಸ ಕಾರ್ಡ್ ಮಾಡಿಸಿದರೆ ಒಬ್ಬಳೇ ತಾಯಿ ದಾಖಲೆಯಲ್ಲಿ ಇಬ್ಬರಾಗಿ, ಎರಡನೆಯ ಕಂತು ತಡೆಯಲ್ಲಿ ಬೀಳುತ್ತದೆ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಕ್ಕು ಇದಕ್ಕಿಂತ ದೊಡ್ಡದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದು ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ನಿಯಮಗಳಂತೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12 ವಾರ ಸಂಬಳಸಹಿತ ರಜೆಯುಂಟು. 26ರಲ್ಲಿ ಎಂಟು ವಾರಗಳನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಗರ್ಭಪಾತವಾದರೆ ಆರು ವಾರ. ದಿನಗೂಲಿಯವರಿಗೂ ಈ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕಾರ್ಮಿಕರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದ್ದರಿಂದ ರಜೆಯನ್ನು ಬಾಯಿಮಾತಿನಲ್ಲಿ ಕೇಳದೆ, ಬರವಣಿಗೆಯಲ್ಲಿ ಸೂಚನೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಹೆರಿಗೆ ಸೌಲಭ್ಯ ಕೊಡುವ ಬಾಧ್ಯತೆ ಮಾಲೀಕರಿಗಿಲ್ಲವೆಂದು ಬರೆದ ರಾಜೀನಾಮೆ ಪತ್ರಕ್ಕೆ ಯಾವ ಒತ್ತಡದಲ್ಲೂ ಸಹಿ ಹಾಕಬಾರದು.

ಗಾರ್ಮೆಂಟ್ಸ್‌ನಂಥ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಅದರಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಅದೇ 26 ವಾರಗಳ ಹಣವನ್ನು ಮಾಲೀಕರ ಬದಲು ಇಎಸ್‌ಐ ನಿಗಮ ಕೊಡುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದು ಅವಧಿಯೆಂದರೆ ಆರು ತಿಂಗಳು) 70 ದಿನಗಳ ವಂತಿಗೆ ಸಂದಾಯವಾಗಿರಬೇಕು. ಕಟ್ಟಡ ಕೆಲಸದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ ಮೊದಲ ಎರಡು ಮಕ್ಕಳಿಗೆ ತಾಯಿ ಲಕ್ಷ್ಮಿ ಬಾಂಡ್ ರೂಪದಲ್ಲಿ ತಲಾ 50,000 ರೂಪಾಯಿ ಸಿಗುತ್ತದೆ. ಅರ್ಜಿಯನ್ನು ಹೆರಿಗೆಯಾದ ಆರು ತಿಂಗಳೊಳಗೆ ಸಲ್ಲಿಸಬೇಕು. ಗಾರೆ ಕೆಲಸದ ಎಷ್ಟೋ ಹೆಣ್ಣುಮಕ್ಕಳು ಗಂಡನ ಕಾರ್ಡ್ ಇದೆಯಲ್ಲ ಎಂದು ಸುಮ್ಮನಿರುತ್ತಾರೆ. ಈ ಸೌಲಭ್ಯಕ್ಕೆ ಹೆಂಗಸಿನ ಹೆಸರಿನಲ್ಲೇ ಕಾರ್ಡ್ ಬೇಕು.

ಹಣ ತಡವಾದರೆ ಅರ್ಜಿಯ ಸಂಖ್ಯೆ ಹಿಡಿದು ಮೊದಲು ಅಂಗನವಾಡಿಯಲ್ಲಿ, ಆಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯಲ್ಲಿ ಕೇಳಬೇಕು. ಆಸ್ಪತ್ರೆಯ ದೂರನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ, ರಜೆ ಸಂಬಳದ ದೂರನ್ನು ಕಾರ್ಮಿಕ ನಿರೀಕ್ಷಕರಿಗೆ ಸಲ್ಲಿಸಬೇಕು. ಅಲ್ಲಿಯೂ ಕೆಲಸವಾಗದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ತಾಯಿ ಕಾರ್ಡಿನ ಜೊತೆಯಲ್ಲೇ ಬರೆದಿಟ್ಟುಕೊಳ್ಳಿ.