ತಂಗಿ ಬಟ್ಟೆ ಬ್ರ್ಯಾಂಡಿಗೆ ನಾನೇ ವೆಬ್‌ಸೈಟ್ ಮಾಡಿದ ಕಥೆ

ನನ್ ತಂಗಿ ಮಂಡ್ಯದಲ್ಲಿ ಮನೆ ಮಹಡಿ ಮೇಲೆ ಮೂರು ಮಿಷನ್ ಹಾಕ್ಕೊಂಡು ಕಾಟನ್ ಕುರ್ತಾ ಹೊಲಿಸ್ತಾಳೆ, ನಾನು ಮೈಸೂರಲ್ಲಿ ಅಕೌಂಟ್ಸ್ ಬರಿಯೋನು, ಕೋಡಿಂಗ್ ಗೀಡಿಂಗ್ ಏನೂ ಬರಲ್ಲ. ವೆಬ್‌ಸೈಟ್ ಮಾಡ್ಕೊಡಿ ಅಂತ ಒಬ್ರನ್ನ ಕೇಳಿದ್ವಿ, 45,000 ಅಂದ್ರು, ಆ ದುಡ್ಡಿಗೆ ಇನ್ನೊಂದು ಓವರ್‌ಲಾಕ್ ಮಿಷನ್ ಬರುತ್ತಲ್ಲೋ ಅಂತ ಅವಳು, ಸರಿ ಬಿಡು ನಾನೇ ನೋಡ್ತೀನಿ ಅಂತ ನಾನು. ಹಂಗೆ ತಗುಲ್ಕೊಂಡಿದ್ದು.

ಮೊದಲ್ನೇ ಜಗಳ ಹೆಸರಿಗೆ. ಅವಳಿಗೆ ‘ಎಳೆ’ ಅಂತ ಇಡೋ ಆಸೆ. ಎರಡೇ ಅಕ್ಷರ, ಚೆಂದ ಇದೆ, ಆದ್ರೆ ಡೊಮೇನ್ ಅಂದ್ರೆ, ಅದೇ ಸೈಟಿನ ವಿಳಾಸ, ಇಂಗ್ಲಿಷಲ್ಲಿ ಟೈಪ್ ಮಾಡ್ಬೇಕಲ್ಲ, ನಾಕ್ ಜನಕ್ಕೆ ಫೋನ್ ಮಾಡಿ ಹೆಸರು ಹೇಳಿ ಹೆಂಗೆ ಟೈಪ್ ಮಾಡ್ತೀರೋ ಹಂಗೇ ಕಳ್ಸಿ ಅಂದೆ, ಒಬ್ರು ‘ಇ’ಯಿಂದ ಶುರು ಮಾಡಿದ್ರು, ಒಬ್ರು ‘ವೈ’ ಹಾಕಿದ್ರು, ಚಿಕ್ಕಮ್ಮ ‘ಎ’ಯಿಂದ ಶುರು, ಕಸಿನ್ ಎರಡೆರಡು ‘ಎಲ್’ ಹಾಕ್ದ. ಳ ಇರೋ ಹೆಸರು, ದೀರ್ಘ ಇರೋ ಹೆಸರು ಡೊಮೇನಿಗೆ ಆಗ್ಬರಲ್ಲ ಕಣ್ರೀ. ಬೇರೆ ಹೆಸರು ಇಟ್ವಿ (ಇಲ್ಲಿ ಹೇಳಲ್ಲ, ಜಾಹೀರಾತು ಅನ್ಸುತ್ತೆ), ಡಾಟ್ ಇನ್ ತಗೊಂಡ್ವಿ.

ಸೈಟ್ ಕಟ್ಟೋಕೆ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್, ಅದ್ರ ಮೇಲೆ ಅಂಗಡಿ ನಡ್ಸೋಕೆ ವೂಕಾಮರ್ಸ್. ರೆಡಿಮೇಡ್ ಆನ್‌ಲೈನ್ ಅಂಗಡಿ ಕೊಡೋ ಶಾಪಿಫೈ ಇನ್ನೂ ಸುಲಭ, ಆದ್ರೆ ಆರ್ಡರ್ ಬರ್ಲಿ ಬಿಡ್ಲಿ ತಿಂಗಳು ತಿಂಗಳು ಬಾಡಿಗೆ ಕಟ್ಟೋ ಥರ, ನಮ್ ಕೈಲಾಗಲ್ಲ ಅನ್ನಿಸ್ತು. ಯೂಟ್ಯೂಬ್ ನೋಡ್ಕೊಂಡು ಒಂದು ಶನಿವಾರ ಭಾನುವಾರದಲ್ಲಿ ಅಂಗಡಿ ಎದ್ದು ನಿಲ್ತು. ಬರೀ ಗೋಡೆ, ಒಳಗೆ ಸಾಮಾನಿಲ್ಲ. ಸಾಮಾನು ತುಂಬೋಕೆ ಮೂರು ತಿಂಗಳು ಹಿಡೀತು. 8 ಡಿಸೈನ್, ಒಂದೊಂದಕ್ಕೆ 3 ಬಣ್ಣ, 5 ಸೈಜ್, ಅಂದ್ರೆ 120 ಸಾಲು, ಪ್ರತಿ ಸಾಲಿಗೂ ಸ್ಟಾಕ್ ಎಷ್ಟು ಅಂತ ಹಾಕ್ಬೇಕು, ಅವಳು ಮನೆಗ್ ಬಂದ ಪಕ್ಕದ್ಮನೆಯೋರಿಗೆ ಒಂದು ಕೊಟ್ಟು ನನಗ್ ಹೇಳಿರಲ್ಲ, ಇಲ್ಲಿ ಆರ್ಡರ್ ಬಂದು ಕೂತಿರುತ್ತೆ.

ಫೋಟೋಗೆ ಅಂತ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋಗಿ ಪ್ರೀ ವೆಡ್ಡಿಂಗ್ ಥರ ತೆಗೆದ್ವಿ. ಕೆರೆ ಚೆನ್ನಾಗಿ ಬಂತು, ಕುರ್ತಾ ಕಾಣ್ಸಲ್ಲ. ಆಮೇಲೆ ಮನೇಲೇ ಎಲ್‌ಇಡಿ ಬಲ್ಬ್ ಕೆಳಗೆ ತೆಗೆದ್ವಿ, ಅರಿಶಿನ ಬಣ್ಣ ಕಿತ್ತಳೆ ಆಯ್ತು, ನಮಗ್ ಗೊತ್ತಾಗ್ಲಿಲ್ಲ, ತಗೊಂಡೋರಿಗೆ ಗೊತ್ತಾಯ್ತು. ಫೋಟೋ ಒಂದೊಂದು 5 ಎಂಬಿ, ಹಂಗೇ ಏರಿಸ್ಬಿಟ್ಟಿದ್ದೆ, ಮಂಡ್ಯ ಬಸ್ ಸ್ಟ್ಯಾಂಡಲ್ಲಿ ಓಪನ್ ಮಾಡಿದ್ರೆ ಶ್ರೀರಂಗಪಟ್ಟಣ ಬಂದ್ರೂ ಪೇಜ್ ಸುತ್ತುತಾನೇ ಇರ್ತಿತ್ತು. ಈಗ ಅಗಲ 1,200 ಪಿಕ್ಸೆಲ್ ಮಾಡಿ ವೆಬ್‌ಪಿ ಅನ್ನೋ ಹಗುರ ಫೋಟೋ ಫಾರ್ಮ್ಯಾಟಿಗೆ ಬದಲಾಯಿಸ್ತೀನಿ, 120 ಕೆಬಿ ಆಚೀಚೆ ಬರುತ್ತೆ.

ಮೊದಲು ಬಂದ 11 ಆರ್ಡರಲ್ಲಿ 4 ವಾಪಸ್. ಎರಡು ಬಣ್ಣಕ್ಕೆ, ಎರಡು ಸೈಜಿಗೆ. ಬಣ್ಣದ್ದು ಸುಲಭಕ್ಕೆ ಸರಿಹೋಯ್ತು, ಬೆಳಗ್ಗೆ ಎಂಟೂವರೆಗೆ ಕಿಟಕಿ ಪಕ್ಕ, ಬಿಸಿಲು ನೇರ ಬೀಳ್ದಂಗೆ ಅಪ್ಪನ ಬಿಳಿ ಪಂಚೆ ಕಟ್ತೀವಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ, ಫೋಟೋದಲ್ಲಿ ಹಾಳೆ ಬಿಳಿಯಾಗೇ ಕಂಡ್ರೆ ಬಣ್ಣ ಸರಿ ಇದೆ ಅಂತ.

ಸೈಜಿನ ಕಥೆ ಬೇರೆ. ಚಾರ್ಟನ್ನ ನಾನು ಎಲ್ಲಿಂದಲೋ ಎತ್ತಿ ಹಾಕಿದ್ದೆ, ಎದೆ 36 ಅಂತ ಬರ್ದಿದ್ದೆ, ಅದು ಮೈ ಅಳತೆನೋ ಬಟ್ಟೆ ಅಳತೆನೋ ನನಗೇ ಗೊತ್ತಿಲ್ಲ. ನಮ್ ಟೈಲರ್ ಅಣ್ಣ ನೋಡಿ ನಕ್ಕು ‘ಏನ್ ಸಾ, ತೊಳೀದೆ ಅಳ್ದಿದ್ದೀರಾ’ ಅಂದ್ರು. ಬಕೆಟಲ್ಲಿ ರಾತ್ರಿ ನೆನಸಿ, ನೆರಳಲ್ಲಿ ಒಣಗ್ಸಿ, ಮೇಜಿನ ಮೇಲೆ ಹರಡಿ ಟೇಪ್ ಹಿಡಿದ್ರೆ 42 ಇಂಚು ಉದ್ದದ ಕುರ್ತಾ 40ವರೆ ಆಗಿತ್ತು! ಆಮೇಲಿಂದ ಚಾರ್ಟಲ್ಲಿ ಮೈ ಅಳತೆ ಒಂದು ಸಾಲು, ತೊಳೆದ ಮೇಲೆ ಬಟ್ಟೆ ಅಳತೆ ಒಂದು ಸಾಲು, ಟೇಪ್ ಎಲ್ಲಿಂದ ಎಲ್ಲಿಗೆ ಹಿಡಿಬೇಕು ಅನ್ನೋಕೆ ಒಂದು ಫೋಟೋ. ನನ್ನ ಪ್ರಕಾರ ಇಡೀ ಸೈಟಲ್ಲಿ ಕೆಲಸ ಮಾಡ್ತಿರೋದು ಅದೊಂದು ಪೇಜೇ, ಹೋಮ್ ಪೇಜಲ್ಲಿ ಜಾರೋ ಬ್ಯಾನರಿಗೆ ನಾನು ಕಳೆದ ಎರಡು ರಾತ್ರಿ ದಂಡ.

ಕನ್ನಡ ಬರಹ ಇರ್ಲೇಬೇಕು ಅಂತ ಅವಳ ಹಠ, ಡಿಟಿಪಿ ಅಂಗಡೀಲಿ ಟೈಪ್ ಮಾಡಿಸ್ಕೊಂಡು ಬಂದ್ಳು, ಪೇಸ್ಟ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರ, ಬ್ರ್ಯಾಕೆಟ್ಟು, ಚುಕ್ಕಿ. ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ವೇಷ ಹಾಕೋದು) ಟೈಪ್ ಆಗಿತ್ತು, ಎಲ್ಲಾ ಕಡೆ ಓದಕ್ಕಾಗೋ ಯೂನಿಕೋಡಿಗೆ ಕನ್ವರ್ಟ್ ಮಾಡಿದ್ರೂ ಅರ್ಕಾವತ್ತು ಅಲ್ಲಲ್ಲಿ ಎಗರಿತ್ತು, ಕೂತು ತಿದ್ದಿದೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ಎರಡು ರೇಷ್ಮೆ ಕುರ್ತಾಗೆ ‘ಮೈಸೂರ್ ಸಿಲ್ಕ್’ ಅಂತ ಹಾಕು, ಗೂಗಲಲ್ಲಿ ಸಿಗುತ್ತೆ ಅಂದ್ಳು. ಅದೊಂದು ಮಾತ್ರ ಒಪ್ಲಿಲ್ಲ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಮಾನಂದವಾಡಿ ರೋಡ್ ಫ್ಯಾಕ್ಟರಿ ಸೀರೆ ಹೆಸರದು, ಆ ಹೆಸರಿನ ಜಿಐ (ಊರಿನ ಹೆಸರಿಗೆ ಕೊಡೋ ಕಾನೂನಿನ ಗುರುತು) ಇರೋದು ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಗೆ, ನಾವು ಇನ್ನೆಲ್ಲಿಂದಲೋ ತಂದ ರೇಷ್ಮೆಗೆ ಆ ಹೆಸರು ಹಾಕಕ್ಕಾಗುತ್ತಾ. ಬರೀ ‘ರೇಷ್ಮೆ’ ಅಂತ ಹಾಕಿದ್ವಿ.

ಸೈಟಲ್ಲೇ ದುಡ್ಡು ಕಟ್ಟಿಸ್ಕೊಳ್ಳೋ ಪೇಮೆಂಟ್ ಗೇಟ್‌ವೇ ಆನ್ ಆಗ್ಬೇಕಂದ್ರೆ ರಿಟರ್ನ್, ಶಿಪ್ಪಿಂಗ್, ಕಾಂಟ್ಯಾಕ್ಟ್ ಪೇಜ್ ಎಲ್ಲ ಇರ್ಬೇಕು. ನಾನು ಟೆಂಪ್ಲೇಟ್ ಕಾಪಿ ಹೊಡೆದಿದ್ದೆ, ಏನಾದ್ರೂ ತಕರಾರಿದ್ರೆ ಕ್ಯಾಲಿಫೋರ್ನಿಯಾ ಕೋರ್ಟಿಗೆ ಬನ್ನಿ ಅಂತಿತ್ತು, ಒಂದು ತಿಂಗಳು ಹಂಗೇ ಇತ್ತು. ಜಿಎಸ್‌ಟಿ ನನ್ನ ಕೆಲಸವೇ ಆದ್ರಿಂದ ಒಂದ್ಮಾತು: ಬೇರೆ ರಾಜ್ಯಕ್ಕೆ ಮಾರೋದಾದ್ರೆ ವರ್ಷಕ್ಕೆ 40 ಲಕ್ಷದ ವ್ಯಾಪಾರದ ತನಕ ಜಿಎಸ್‌ಟಿ ನಂಬರ್ ಬೇಡ ಅನ್ನೋ ಮಿತಿ ನೆಚ್ಚಿಕೊಂಡು ಕೂರ್ಬೇಡಿ, ಮೊದ್ಲೇ ನಂಬರ್ ತಗೊಳಿ.

ಕೊರಿಯರಲ್ಲೂ ಪೆಟ್ಟು ತಿಂದ್ವಿ. ಚೆಂದ ಕಾಣ್ಲಿ ಅಂತ ರಟ್ಟಿನ ಡಬ್ಬ ಮಾಡ್ಸಿದ್ವಿ, 35, 25, 10 ಸೆಂಟಿಮೀಟರ್. ಕೊರಿಯರ್‌ನೋರು ಡಬ್ಬದ ಗಾತ್ರದ ಮೇಲೂ ತೂಕ ಲೆಕ್ಕ ಹಾಕ್ತಾರೆ, ಮೂರನ್ನೂ ಗುಣಿಸಿ 5,000ದಿಂದ ಭಾಗಿಸ್ತಾರೆ, 300 ಗ್ರಾಂ ಕುರ್ತಾಗೆ 1.75 ಕೆಜಿ ಚಾರ್ಜ್! ಈಗ ಪ್ಲಾಸ್ಟಿಕ್ ಕವರು. 200 ಡಬ್ಬ ಉಳಿದಿವೆ, ಅಮ್ಮ ಒಂದರಲ್ಲಿ ಹುಣಸೆಹಣ್ಣು ಇಟ್ಟಿದ್ದಾರೆ.

ಮೊನ್ನೆ ಹೊಸ ಬಟ್ಟೆ ತಾನು ಬಂತು, ಇಂಡಿಗೋ ಬಣ್ಣದ್ದು. ಒಂದು ಪೀಸ್ ಹೊಲ್ಸಿ ನೆನೆಹಾಕಿದ್ದಾಳೆ, ಮೂರು ದಿನದಿಂದ ಮಳೆ, ಒಣಗ್ತಿಲ್ಲ, ಹಾಕು ಹಾಕು ಅಂತ ಫೋನ್ ಮಾಡ್ತಾನೇ ಇದ್ದಾಳೆ. ಒಣಗಿ ಅಳತೆ ಬರೋ ತನಕ ಸೈಟಲ್ಲಿ ಅದು ಯಾರಿಗೂ ಕಾಣ್ದಂಗೆ ಡ್ರಾಫ್ಟಲ್ಲೇ ಇರುತ್ತೆ.