ನೊರೆ ಬಂದ ಮಾತ್ರಕ್ಕೆ ಕೊಳೆ ಹೋಗುವುದಿಲ್ಲ

ಅಂಗಡಿಯ ಬಾಟಲಿಗಳು ಬೇಡ, ಮನೆ ಶುಚಿಗೊಳಿಸುವ ದ್ರವಗಳನ್ನು ನಾವೇ ತಯಾರಿಸಿಕೊಳ್ಳುತ್ತೇವೆ ಎಂದು ಹೊರಡುವ ಕಿರಿಯರ ಉತ್ಸಾಹ ನನಗೆ ಮೆಚ್ಚುಗೆಯೇ. ಆದರೆ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು, ಅದು ಬುಸುಗುಟ್ಟಿ ಉಕ್ಕುವುದನ್ನು ಕಂಡು ಹಿಗ್ಗಿ, ಉಳಿದ ನೀರನ್ನು ಬಾಟಲಿಗೆ ತುಂಬಿಸಿಟ್ಟು ವಾರಗಟ್ಟಲೆ ಮನೆಯೆಲ್ಲ ಒರೆಸುವುದನ್ನು ನೋಡಿದಾಗ ಸುಮ್ಮನಿರಲಾಗುವುದಿಲ್ಲ. ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡ ಮೇಲೆ ಅಲ್ಲಿ ಉಳಿಯುವುದು ಒಂದಿಷ್ಟು ಲವಣ ಕರಗಿದ ನೀರು ಮಾತ್ರ. ಉಕ್ಕಿದ್ದು ಬರಿಯ ಗಾಳಿ. ಜಿಡ್ಡಿಗೆ ಕ್ಷಾರ ಬೇಕು, ಗಡಸು ನೀರು ನಲ್ಲಿಯ ಮೇಲೆ ಬಿಟ್ಟ ಬಿಳಿ ಕಲೆಗೆ ಹುಳಿ ಬೇಕು, ಎರಡನ್ನೂ ಒಟ್ಟಿಗೆ ಸುರಿದರೆ ಎರಡೂ ದಂಡ. ಜಿಡ್ಡಿನ ಪಾತ್ರೆಗೆ ಒಲೆಯ ಬೂದಿಯನ್ನೂ ಹಿತ್ತಾಳೆಯ ಚೊಂಬಿಗೆ ಹುಣಸೆಹಣ್ಣನ್ನೂ ಬೇರೆಬೇರೆಯಾಗಿ ಹಿಡಿದವರು ರಸಾಯನಶಾಸ್ತ್ರ ಓದಿದವರೇನಲ್ಲ. ಇನ್ನು ಬ್ಲೀಚಿಂಗ್ ದ್ರವಕ್ಕೆ ವಿನೆಗರ್, ನಿಂಬೆರಸ, ಶೌಚಾಲಯದ ಆಸಿಡ್ ಇವುಗಳಲ್ಲಿ ಯಾವುದನ್ನೂ ಬೆರೆಸಕೂಡದು. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ನಿಜವಾಗಿ ಕಲಿಯಬೇಕಾದದ್ದು ರೇಷ್ಮೆ, ಒಡವೆ, ಪಾತ್ರೆಗಳನ್ನು ತೊಳೆಯಲು ಅಂಟುವಾಳದ, ಅಂದರೆ ಸೋಪಿನಂತೆ ನೊರೆ ಬಿಡುವ ಕಾಯಿಯ, ನೀರು ಮಾಡುವ ಕ್ರಮ. ಈಗಿನವರು ಕಾಯಿಯನ್ನು ಬೀಜಸಮೇತ ಕುಕ್ಕರಿಗೆ ಹಾಕಿ ಕೂಗಿಸುತ್ತಾರೆ, ಇಲ್ಲವೇ ಮಿಕ್ಸಿಯಲ್ಲಿ ಗಿರ್ರೆನಿಸಿ ಪಾತ್ರೆ ತುಂಬ ನೊರೆ ಎಬ್ಬಿಸಿ ಸಂಭ್ರಮಿಸುತ್ತಾರೆ. ಬೀಜದಲ್ಲಿ ನೊರೆಯ ಸತ್ವವಿಲ್ಲ, ಸತ್ವವಿರುವುದು ಸುಕ್ಕುಗಟ್ಟಿದ ಸಿಪ್ಪೆಯಲ್ಲಿ. ಆದ್ದರಿಂದ ಮುಟ್ಟಿದರೆ ಬೆರಳಿಗೆ ತುಸು ಅಂಟುವಂಥ ಕಾಯಿಗಳನ್ನು ಒಂದು ಬೊಗಸೆ ಆರಿಸಿಕೊಂಡು, ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟಿ, ಕರಿಬೀಜಗಳನ್ನು ಒಂದೊಂದಾಗಿ ತೆಗೆದುಹಾಕಿ. ಸಿಪ್ಪೆಯನ್ನು ರಾತ್ರಿಯೇ, ಕೈ ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ, ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಂತೆ ನೆನೆಹಾಕಿ. ಬೆಳಿಗ್ಗೆ ಕೈಯಿಂದಲೇ ಕಿವುಚಬೇಕು. ಕೈಗೆ ಎಣ್ಣೆಯ ಸೋಂಕೂ ಇರಬಾರದು. ಮಲೆನಾಡಿನ ನನ್ನ ತವರಿನಲ್ಲಿ ಕೊಟ್ಟಿಗೆಯ ಹಿಂದೆಯೇ ಅಂಟುವಾಳದ ಮರವಿತ್ತು, ಮತ್ತು ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ನಮ್ಮಜ್ಜಿ ಹೆಣ್ಣುಮಕ್ಕಳನ್ನು ಈ ಪಾತ್ರೆಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅದನ್ನು ಮಡಿಯೆಂದು ನಾವು ನಗುತ್ತಿದ್ದೆವು; ಜಿಡ್ಡು ಸೇರಿದರೆ ಸತ್ವವೆಲ್ಲ ಆ ಜಿಡ್ಡನ್ನು ಬಿಡಿಸುವುದರಲ್ಲೇ ಮುಗಿದುಹೋಗುತ್ತದೆಂಬುದು ಆಕೆಯ ಲೆಕ್ಕ, ಅದು ಸರಿಯಾದ ಲೆಕ್ಕವೇ.

ಕಿವುಚಿದ್ದನ್ನು, ಹಲವು ಬಾರಿ ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡನ್ನು ಇಮ್ಮಡಿ ಮಡಿಸಿ, ಅದರ ಮೇಲೆ ಸುರಿದು ತಾನಾಗಿಯೇ ತೊಟ್ಟಿಕ್ಕಲು ಬಿಡಿ. ದಯವಿಟ್ಟು ಹಿಂಡಬೇಡಿ. ಹಿಂಡಿದರೆ ಸಿಪ್ಪೆಯ ನವಿರು ಚೂರುಗಳೂ ಇಳಿದು ರೇಷ್ಮೆಯ ನೇಯ್ಗೆಯೊಳಗೆ ಸೇರಿಕೊಳ್ಳುತ್ತವೆ. ಮಿಕ್ಸಿ ಬೇಡವೆಂದು ನಾನು ಹಟ ಹಿಡಿಯುವುದೂ ಇದಕ್ಕಾಗಿಯೇ. ಹೀಗೆ ಇಳಿದ ಮೊದಲ ನೀರು ಜೇನಿನ ಬಣ್ಣಕ್ಕಿರುತ್ತದೆ, ಅದು ರೇಷ್ಮೆಗೂ ಚಿನ್ನದ ಒಡವೆಗೂ ಮೀಸಲು. ಉಳಿದ ಸಿಪ್ಪೆಗೆ ಮತ್ತೆ ಬಿಸಿನೀರು ಹಾಕಿ, ಈ ಸಲ ಮನಸಾರೆ ಹಿಂಡಿ ತೆಗೆದ ಎರಡನೆಯ ನೀರು ಪಾತ್ರೆಗೆ, ನೆಲಕ್ಕೆ ಸಾಕು. ಬಿಳಿಯ ಬಟ್ಟೆಗೆ ಮಾತ್ರ ಬಳಸಬೇಡಿ, ಕಂದು ಛಾಯೆ ಹಿಡಿಯುತ್ತದೆ.

ರೇಷ್ಮೆ ಸೀರೆಯನ್ನು ತಣ್ಣೀರು ಬೆರೆಸಿದ ಈ ನೀರಿನಲ್ಲಿ ಅದ್ದಿ ಅದ್ದಿ ತೆಗೆಯಬೇಕೇ ಹೊರತು ತಿಕ್ಕುವುದಾಗಲಿ ಹಿಂಡುವುದಾಗಲಿ ಕೂಡದು, ಒಣಗಿಸುವುದೂ ನೆರಳಿನಲ್ಲೇ. ಸೀರೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಬೀರುವಿನಲ್ಲಿಟ್ಟ ಸೀರೆಗಳ ಮಡಿಕೆಯನ್ನು ವರ್ಷದಲ್ಲಿ ಕೆಲವು ಸಲವಾದರೂ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ. ಮದುವೆಗೆ ಸಾವಿರಾರು ರೂಪಾಯಿ ಸುರಿದು ಕೊಂಡವರಿಗೆ ಅಷ್ಟು ಪುರುಸೊತ್ತಿಲ್ಲವೆಂದರೆ ನನಗೆ ಅರ್ಥವಾಗುವುದಿಲ್ಲ.

ಅಂಟುವಾಳದ ನೀರು ಎರಡು ಮೂರು ದಿನಗಳಲ್ಲಿ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನಷ್ಟು ದಿನ ಬಾಳುತ್ತದೆ. ಆದ್ದರಿಂದ ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ. ಕಣ್ಣಿಗೆ ಸಿಡಿದರೆ ಉರಿ ತಡೆಯಲಾಗದು, ಕೂಡಲೇ ತಣ್ಣೀರಿನಿಂದ ತೊಳೆಯಿರಿ. ಬಳಸಿ ಉಳಿದ ನೀರು ಮೀನಿನ ತೊಟ್ಟಿಗಾಗಲಿ ಕೆರೆಗಾಗಲಿ ಸೇರದಂತೆ ನೋಡಿಕೊಳ್ಳಿ, ಏಕೆಂದರೆ ಗಿಡಮೂಲದ್ದೆಂದು ನಾವು ನಂಬಿಕೊಂಡಿರುವ ಇದೇ ಸತ್ವ ಮೀನಿಗೆ ವಿಷ.