ಮಗಳ ಕಾಲೇಜು ಫೀಸು, ನನ್ನ 4,000 ಡಾಲರ್ ಲೆಕ್ಕ

ಮಗಳು ಇಲ್ಲೇ ಅಮೆರಿಕದಲ್ಲಿ 2021ರ ಆಗಸ್ಟ್‌ನಲ್ಲಿ ಕಾಲೇಜಿಗೆ ಸೇರಿದಳು. ಮೊದಲ ಸೆಮಿಸ್ಟರ್‌ನ ಟ್ಯೂಷನ್ 6,000 ಡಾಲರ್. ಅದಕ್ಕೆಂದೇ ಕೂಡಿಟ್ಟ 529 ಖಾತೆಯಿಂದ (ಓದಿನ ಖರ್ಚಿಗೆ ತೆಗೆದರೆ ತೆರಿಗೆ ಬೀಳದ ಉಳಿತಾಯ ಖಾತೆ) ಅಷ್ಟನ್ನೂ ಕಟ್ಟಿದೆ. ಕಾಲೇಜಿನ ಡಾರ್ಮು (ಹಾಸ್ಟೆಲ್), ಊಟ ಸೇರಿ 5,500 ಆಯಿತು. ಅದನ್ನು ಕೈಯಿಂದ ಹಾಕಿದೆ.

ತೆರಿಗೆ ರಿಟರ್ನ್ ತುಂಬಲು ಕೂತಾಗ ಹೊಟ್ಟೆ ಉರಿಯಿತು. ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಅಂತ ಕಾಲೇಜು ಖರ್ಚಿಗೆ ಸಿಗುವ ತೆರಿಗೆ ರಿಯಾಯಿತಿ ಒಂದಿದೆ. ಮೊದಲ 2,000 ಡಾಲರ್ ಖರ್ಚು ಪೂರ್ತಿ, ಮುಂದಿನ 2,000ದಲ್ಲಿ ಕಾಲು ಭಾಗ, ಒಟ್ಟು 2,500 ಡಾಲರ್ ನೇರವಾಗಿ ತೆರಿಗೆಯಲ್ಲೇ ಕಳೆಯುತ್ತದೆ. ಆದರೆ 529ರಿಂದ ತೆರಿಗೆಯಿಲ್ಲದೆ ತೆಗೆದ ದುಡ್ಡಿಗೂ ಕ್ರೆಡಿಟ್‌ಗೂ ಒಂದೇ ಖರ್ಚನ್ನು ಎರಡು ಸಲ ತೋರಿಸುವಂತಿಲ್ಲ. ಟ್ಯೂಷನ್ನೆಲ್ಲ 529ರಿಂದಲೇ ಹೋಗಿದೆ. ಕ್ರೆಡಿಟ್ ಹೋಯಿತು ಅಂದುಕೊಂಡೆ.

ರಾತ್ರಿ ಕಾಗದ, ಪೆನ್ನು ಹಿಡಿದು ಮತ್ತೆ ಲೆಕ್ಕ ಹಾಕಿದೆ. ಯಾವ ಬಿಲ್ಲು ಯಾವ ಖಾತೆಯಿಂದ ಹೋಯಿತು ಅನ್ನುವುದು ಮುಖ್ಯವೇ ಅಲ್ಲ, ವರ್ಷದ ಒಟ್ಟು ಖರ್ಚು ನೋಡಬೇಕು. ಡಾರ್ಮು, ಊಟಕ್ಕೆ ಕ್ರೆಡಿಟ್ ಇಲ್ಲ, ಆದರೆ 529ಕ್ಕೆ ಅವು ನಡೆಯುತ್ತವೆ. ಅಂದರೆ ನನ್ನ ಒಟ್ಟು ಖರ್ಚು 11,500. ಅದರಲ್ಲಿ 4,000 ಕ್ರೆಡಿಟ್‌ಗೆ ಎತ್ತಿಟ್ಟರೂ 7,500 ಉಳಿಯಿತು. ನಾನು ತೆಗೆದಿದ್ದು ಬರೀ 6,000. ಈ ಕ್ರೆಡಿಟ್ ಕೇಳುವ ಫಾರ್ಮ್ 8863 ತುಂಬಿದೆ, 2,500 ಪೂರ್ತಿ ಸಿಕ್ಕಿತು. ಸುಮ್ನೆ ಬಿಟ್ಟುಬಿಡುತ್ತಿದ್ದೆ, ಅಲ್ವಾ!

ಆದಾಯದ ಮಿತಿ ಮಾತ್ರ ಮೊದಲೇ ನೋಡಿಕೊಳ್ಳಿ. ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡಿದರೆ 1,60,000 ಡಾಲರ್ ದಾಟಿದ ಮೇಲೆ ಕ್ರೆಡಿಟ್ ಕರಗತೊಡಗುತ್ತದೆ, 1,80,000ಕ್ಕೆ ಸೊನ್ನೆ.

ಗೆಳೆಯನ ಮಗ ಕಮ್ಯುನಿಟಿ ಕಾಲೇಜು ಸೇರಿದ. ಅವನ ತೊಂದರೆ ಉಲ್ಟಾ: ಫೀಸು ಬರೀ 1,900, ಅಂದರೆ 4,000 ತುಂಬುವುದೇ ಇಲ್ಲ. ಜನವರಿಯಲ್ಲಿ ಶುರುವಾಗುವ ಸೆಮಿಸ್ಟರ್‌ನ 1,800 ಡಾಲರನ್ನೂ ಡಿಸೆಂಬರ್‌ನಲ್ಲೇ ಕಟ್ಟಲು ಹೇಳಿದೆ. ಹಾಗೆ ಕಟ್ಟಿದ್ದು ಕಟ್ಟಿದ ವರ್ಷದ ಲೆಕ್ಕಕ್ಕೇ ಬರುತ್ತದೆ. ಮಿಕ್ಕ 300 ಪುಸ್ತಕದಲ್ಲಿ ಸಿಕ್ಕಿತು. ಫೀಸಿನ ಲೆಕ್ಕ ಕೊಟ್ಟು ಕಾಲೇಜು ಕಳಿಸುವ 1098-ಟಿ ಫಾರ್ಮಿನಲ್ಲಿ ಹೊರಗಡೆ ಕೊಂಡ ಪುಸ್ತಕ ಕಾಣುವುದಿಲ್ಲ, ರಸೀದಿ ನಾವೇ ಇಟ್ಟುಕೊಂಡಿರಬೇಕು. ಅದೇ ಫಾರ್ಮಿನ 5ನೇ ಬಾಕ್ಸ್‌ನಲ್ಲಿ ಸ್ಕಾಲರ್‌ಶಿಪ್ ಇರುತ್ತದೆ. ಅದನ್ನು ಖರ್ಚಿನಿಂದ ಕಳೆಯಲು ಮರೆಯಬೇಡಿ.

ಎರಡನೇ ವರ್ಷ ಇನ್ನೊಂದು ಫಜೀತಿ. ಮಗಳು ಬೇಸಿಗೆ ಕೆಲಸದ ಸಂಬಳಕ್ಕೆ ತಾನೇ ರಿಟರ್ನ್ ಹಾಕಿದಳು. ತನ್ನನ್ನು ಬೇರೆಯವರು ಡಿಪೆಂಡೆಂಟ್ (ಅವಲಂಬಿತೆ) ಎಂದು ತೋರಿಸಬಹುದು ಅನ್ನುವ ಬಾಕ್ಸ್ ಟಿಕ್ ಮಾಡಲಿಲ್ಲ. ಅವಳನ್ನು ಡಿಪೆಂಡೆಂಟ್ ಎಂದು ತೋರಿಸಿದ್ದ ನನ್ನ ಇ-ಫೈಲ್ ವಾಪಸ್ ಬಂತು. "ಅಪ್ಪಾ, ನಾನು ದುಡಿದಿದ್ದೀನಲ್ಲಾ, ಡಿಪೆಂಡೆಂಟ್ ಹೇಗಾಗ್ತೀನಿ?" ಅಂದಳು. ಅವಳದನ್ನು ತಿದ್ದಿ ಹಾಕಿಸಿದೆ, ನನ್ನದನ್ನು ಅಂಚೆಯಲ್ಲಿ ಕಳಿಸಿದೆ.

ಓದು ನಾಲ್ಕೇ ವರ್ಷ. ಆದರೆ ಆಗಸ್ಟ್‌ನಲ್ಲಿ ಶುರುವಾಗಿ ಮೇಯಲ್ಲಿ ಮುಗಿದರೆ ತೆರಿಗೆಯ ವರ್ಷ ಐದಾಗುತ್ತವೆ. ಈ ಕ್ರೆಡಿಟ್ ಒಬ್ಬ ವಿದ್ಯಾರ್ಥಿಗೆ ನಾಲ್ಕೇ ಸಲ. 2025ರ ಕೊನೆಯ ಸೆಮಿಸ್ಟರ್‌ಗೆ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅನ್ನುವ ಇನ್ನೊಂದು ತೆರಿಗೆ ರಿಯಾಯಿತಿ ಹಿಡಿದೆ: 6,500 ಟ್ಯೂಷನ್‌ನ ನೂರಕ್ಕೆ 20, ಅಂದರೆ 1,300 ಡಾಲರ್.